ಹೂಂ ಎಂದರೆ ಮುಂದೆ ಹೋಗುವ ಪುಸ್ತಕ

ಸೀರೆಯ ಅಂಚಿನ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್ ಬಂದಾಗ ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ನನ್ನದು ಸಿನಿಮಾ ಪೋಸ್ಟರ್ ಓದಿ ಕಲಿತ ಇಂಗ್ಲಿಷ್ ಎಂಬುದು ಸಾಹುಕಾರ ಮಹಾಲಿಂಗಪ್ಪನವರಿಗೆ ಗೊತ್ತಿರಲಿಲ್ಲ.

"ನವೀನಾ, ಇದನ್ನ ಕಲಿಯಾಕ ಒಂದ್ ಕನ್ನಡ ಪುಸ್ತಕಾ ಮಾಡೋ. ಕಂಪ್ಯೂಟರ್‌ನ್ಯಾಗ ಕಾಣಬೇಕು, ಮಾತೂ ಆಡಬೇಕು. ದಾನಮ್ಮಗ ಸಣ್ಣ ಅಕ್ಷರ ಕಾಣಂಗಿಲ್ಲ," ಎಂದರು.

ಮಾಡಿದೆ. ಪುಟಕ್ಕೊಂದು ಪರದೆಯ ಚಿತ್ರ, ಜೊತೆಗೆ ನನ್ನ ದನಿ. ಬರೀ 'ಇಲ್ಲಿ ಒತ್ತಿ, ಅಲ್ಲಿ ಒತ್ತಿ' ಎನ್ನಲು ನಾನೇನು ಬಸ್ ಸ್ಟ್ಯಾಂಡಿನ ಮೈಕೇ? ಫೈಲ್ ಉಳಿಸುವ ಪುಟದಲ್ಲಿ ದನಿ ತಗ್ಗಿಸಿ, "ಬಂದೂಕಿಗೆ ಗುಂಡು, ಫೈಲಿಗೆ ಸೇವ್. ಮರೆತವನು ಇಂಟರ್‌ವೆಲ್ ನೋಡಲ್ಲ," ಎಂದು ಸೇರಿಸಿದ್ದೆ. ಇಂಥದಕ್ಕೆ ಎದುರು ಡೈಲಾಗ್ ಹೊಡೆಯುತ್ತಿದ್ದ ಗೆಳೆಯ ದಶರಥ ಇಚಲಕರಂಜಿಯ ಮಗ್ಗಕ್ಕೆ ಹೋಗಿಬಿಟ್ಟಿದ್ದ. ನಾವು ಮುಂದಿನ ಸಾಲಿನಲ್ಲಿ ಕೂತು ಸಿಳ್ಳೆ ಹೊಡೆಯುತ್ತಿದ್ದ ಟಾಕೀಸಿಗೂ ಬೀಗ ಬಿದ್ದಿತ್ತು. ಅಲ್ಲಿಂದೀಚೆಗೆ ನಾನು ವಿಲನ್ ಇಲ್ಲದ ಫೈಟ್‌ನಲ್ಲಿ ಗಾಳಿಗೆ ಗುದ್ದುತ್ತಿದ್ದ ಹೀರೋ.

ದಾನಮ್ಮನನ್ನು ನಾನು ಚಿಕ್ಕಮ್ಮನ ಹಾಗೆ ಚಿಗವ್ವ ಎನ್ನುತ್ತೇನೆ. ಅವಳೂ ಅವಳ ಗಂಡ ಮಲಕಾಜಪ್ಪನೂ ಸೀರೆಯಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡ್ ಮಗ್ಗದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಲೇ ಸಂಸಾರ ಮಾಡಿದವರು. ಅವನು ಗ್ರಾಫ್ ಹಾಳೆ ನೋಡಿ ಓದುತ್ತಿದ್ದ: "ಎರಡು ಹೊಡಿ, ಮೂರು ಬಿಡು." ಅವಳು ಹೊಡೆದು "ಹೂಂ" ಎನ್ನುತ್ತಿದ್ದಳು. ಹೂಂ ಬಂದ ಮೇಲೆಯೇ ಮುಂದಿನ ಸಾಲು. ಕಾರ್ಡು ಹೊಡೆಯುವವರು ಎಲ್ಲರೂ ಹಾಗೇ, ಓದಲು ಒಬ್ಬರು, ಹೊಡೆಯಲು ಒಬ್ಬರು. ಮಲಕಾಜಪ್ಪ ಹೋದ ವರ್ಷ ತೀರಿಕೊಂಡ. ಈಗ ಕಾರ್ಡುಗಳ ಕಾಲವೂ ಮುಗಿಯುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಅಂಚು ಬಿಡಿಸಿ ತೋರಿಸಿದರೆ ಚಿಗವ್ವನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮುಧೋಳದಿಂದ ಕಲಿತ ಹುಡುಗ ಬರುತ್ತಾನೆ ಎಂದು ಸಾಹುಕಾರರು ಹೇಳಿಬಿಟ್ಟಿದ್ದರು.

ಅವಳ ಮುಂದೆ ಎರಡು ಕಂಪ್ಯೂಟರ್ ಇಟ್ಟೆವು. ಹಳೆಯದರಲ್ಲಿ ನನ್ನ ಪುಸ್ತಕ, ಹೊಸದರಲ್ಲಿ ಸಾಫ್ಟ್‌ವೇರ್. ಪ್ಲೈವುಡ್ ಗೋಡೆಯ ಆಚೆ ನಾನು ಬಿಲ್ಲು ಬರೆಯುವ ಟೇಬಲ್.

ಪುಸ್ತಕ ಶುರುವಾಯಿತು. "ಎರಡು ಮನೆ ಕೆಂಪು ತುಂಬು," ಎಂದಿತು ನನ್ನ ದನಿ. ಚಿಗವ್ವ ಪರದೆಯ ಚೌಕಗಳನ್ನು ಹುಡುಕಿ ಹುಡುಕಿ ತುಂಬಿ, "ಹೂಂ" ಎಂದಳು. ಅಷ್ಟರಲ್ಲಿ ನನ್ನ ದನಿ ತನ್ನ ಪಾಡಿಗೆ ಬಹಳ ಮುಂದೆ ಹೋಗಿತ್ತು.

"ತಡಿಯೋ ಯಪ್ಪಾ, ನಾ ಇನ್ನೂ ಹೂಂ ಅಂದಿಲ್ಲ," ಎಂದು ಪರದೆಗೆ ಹೇಳಿದಳು. ಮತ್ತೆ ಮೊದಲಿನಿಂದ. ಮರುದಿನವೂ ಅದೇ ಕಥೆ.

"ಚಿಗವ್ವಾ, ಅದು ಕಂಪ್ಯೂಟರ್. ಅದಕ್ಕ ಕಿವಿ ಇಲ್ಲ," ಎಂದೆ.

"ಬರೇ ಬಾಯಿ ಐತಿ, ಕಿವಿ ಇಲ್ಲ? ಹಂಗಾರ ನಿನ್ನಂಗ ಐತಿ ಬಿಡು."

ಪುಸ್ತಕ ನಿಲ್ಲಿಸುವ ಗುಂಡಿ ಒತ್ತುವುದನ್ನು ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಕೀಟಲೆ ಹೊಳೆಯಿತು. ಒತ್ತುವವರೆಗೂ ಪ್ರತಿ ಪುಟ ನಿಲ್ಲುವ ಹಾಗೆ ಮಾಡಿ, ಆ ಕಂಪ್ಯೂಟರಿಗೆ ತಂತಿಯಿಲ್ಲದ ಮೌಸ್ ಸಿಕ್ಕಿಸಿ, ಮೌಸನ್ನು ನನ್ನ ಟೇಬಲ್ಲಿಗೆ ತಂದಿಟ್ಟುಕೊಂಡೆ. ಆಚೆಯಿಂದ ಹೂಂ ಬಂದರೆ ಈಚೆಯಿಂದ ಒತ್ತುವುದು.

"ಹಾಂ, ಈಗ ದಾರಿಗೆ ಬಂತ ನೋಡು," ಎಂದಳು ಚಿಗವ್ವ. ನಾನು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕು ನಕ್ಕು ಕೆಮ್ಮಿದೆ.

ಎರಡು ದಿನ ಬಿಟ್ಟು ಪುಟ ಹಾರಿಸಿ ಅವಳನ್ನು ಗೋಳು ಹೊಯ್ದುಕೊಳ್ಳುವ ಯೋಚನೆಯಿತ್ತು. ಆಗಲಿಲ್ಲ. ಯಾಕೆಂದರೆ ಗೋಡೆಯಾಚೆ ನನ್ನ ಡೈಲಾಗಿಗೆ ಉತ್ತರ ಬರತೊಡಗಿತ್ತು. "ಮರೆತವನು ಇಂಟರ್‌ವೆಲ್ ನೋಡಲ್ಲ," ಎಂದರೆ, "ಸಾಕ್ ಮಾಡು, ಉಳಸೇನಿ. ಹೂಂ." ಮನೆಗೆ ಹೋಗಿ ಅವಳಿಗಾಗಿ ಹೊಸ ಡೈಲಾಗ್ ಧ್ವನಿಮುದ್ರಿಸಿ ತರುತ್ತಿದ್ದೆ. ಒಮ್ಮೊಮ್ಮೆ ಅವಳು ಪಾಠ ಬಿಟ್ಟು ಪುಸ್ತಕದ ಜೊತೆ ಮಾತಾಡುತ್ತಿದ್ದಳು. "ಇವತ್ತ ಉಪ್ಪಿಟ್ಟ ಮಾಡಿದ್ನಿ. ಒಬ್ಬಾಕಿಗೆ ಅಳತಿ ಸಿಗವಲ್ದು, ದಿನಾ ಉಳೀತೈತಿ. ಹೂಂ."

ನಾನು ಒತ್ತುತ್ತಿದ್ದೆ.

ಒಂದು ದಿನ ಪ್ರಿಂಟರ್ ಇಂಕ್ ತರಲು ನನ್ನನ್ನು ಜಮಖಂಡಿಗೆ ಕಳಿಸಿದರು. ಅಂಗಡಿಯಲ್ಲಿ ನಿಂತಿದ್ದಾಗ ಸಾಹುಕಾರರ ಫೋನ್ ಬಂತು. ಹಿಂದೆ ಮಗ್ಗಗಳ ಸದ್ದು.

"ಲೇ, ದಾನಮ್ಮನ ಅಂಚ ನೋಡೋಣು ಅಂತ ಬಂದ್ರ ನಿನ್ನ ಪುಸ್ತಕಾ ಸುಮ್ನ ಕುಂತೈತಲ್ಲೋ. ಆಕಿ ಹೂಂ ಹೂಂ ಅನ್ನಾಕತ್ತಾಳ, ಅದು ಮುಂದ ಹೋಗವಲ್ದು."

ಕೈ ತಾನಾಗಿ ಜೇಬಿಗೆ ಹೋಯಿತು. ಯಾರ ಕಣ್ಣಿಗೂ ಬೀಳಬಾರದೆಂದು ನಾನು ಆ ಮೌಸನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ.

"ಸಾವ್ಕಾರ್ರ, ಕೀಬೋರ್ಡಿನ್ಯಾಗ ಕೆಳಗಿನ ಉದ್ದನ ಗುಂಡಿ ಒತ್ರಿ," ಎಂದೆ.

"ಏನಂದಿ? ಕೇಳವಲ್ದು," ಎಂದು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹೀರೋ ಆದವನು ಇಂಥ ಹೊತ್ತಿನಲ್ಲಿ ಬೈಕಿನಲ್ಲಿ ಗಾಜು ಒಡೆದುಕೊಂಡು ಬರಬೇಕು. ನಾನು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಬಂದೆ. ಅವಳು ನಿಂತುಹೋದ ಪರದೆಯ ಮುಂದೆ, ಸಾಹುಕಾರರ ಎದುರಿಗೆ, ಮತ್ತೆ ಮತ್ತೆ ಹೂಂ ಎನ್ನುತ್ತಿರುವುದೇ ದಾರಿಯುದ್ದಕ್ಕೂ ಕಾಣುತ್ತಿತ್ತು.

ಬಂದು ನೋಡಿದರೆ ಸಾಹುಕಾರರು ಹೋಗಿದ್ದರು. ಹಳೆಯ ಕಂಪ್ಯೂಟರ್ ಬಂದ್ ಆಗಿತ್ತು. ಹೊಸದರ ಪರದೆಯ ಮೇಲೆ ಕೆಂಪು ಹಳದಿಯ ಒಂದು ಅಂಚು ಪೂರ್ತಿಯಾಗಿತ್ತು.

"ಚಿಗವ್ವಾ, ಹೆಂಗ ಮಾಡಿದಿ?"

"ಪುಸ್ತಕಾ ಮಾತ ಬಿಡ್ತು. ಸ್ವಲ್ಪ ಹೊತ್ತ ಕಾದ್ನಿ. ಆಮ್ಯಾಲ ಗ್ರಾಫ್ ಹಾಳಿ ತಗೊಂಡ್ನಿ. ನಾನ ಓದಿದ್ನಿ, ನಾನ ಹೂಂ ಅಂದ್ನಿ. ಸಾವ್ಕಾರ್ರು ನಗಾಕತ್ತಿದ್ರು. ನಗಲಿ ಬಿಡು."

"ಕೆಲಸ?"

"ಉಳೀತು. ಆ ಹುಡುಗಗ ಬರಬ್ಯಾಡ ಅಂದ್ರು."

ನಾನು ಜೇಬಿನಿಂದ ಮೌಸ್ ತೆಗೆದು ಅವಳ ಮುಂದಿಟ್ಟೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಪುಸ್ತಕಕ್ಕ ಕೆಮ್ಮ ಬಂದಾಗನ ಗೊತ್ತಾಗಿತ್ತು," ಎಂದಳು.

"ಮತ್ಯಾಕ ಬೈಲಿಲ್ಲ?"

"ಯಾರರೇ ಓದಾಕತ್ತಿದ್ರಲ್ಲ."

"ನಾಳೆ ಪುಸ್ತಕಾ ಹಚ್ಚಲೇನು? ಹೊಸಾ ಡೈಲಾಗ್ ತುಂಬೇನಿ," ಎಂದು ಕೇಳಿದೆ.

ಚಿಗವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಬ್ಯಾಡೋ ಮಗನ. ಕೈ ಇವತ್ತ ನನ್ನ ದನಿಗೆ ನಡದಾವು. ನೀ ಓದಿದ್ರ ಅವು ಮತ್ತ ನಿನ್ನ ಹಾದಿ ನೋಡ್ಕೋತ ಕುಂದರತಾವು. ನೀ ಏನ ದಿನಾ ಇರ್ತೀಯೇನು?"

ಈಗ ಗೋಡೆಯಾಚೆ ಅವಳ ದನಿಯೊಂದೇ. "ಎರಡು ತುಂಬು, ಮೂರು ಬಿಡು." ಸ್ವಲ್ಪ ಬಿಟ್ಟು, "ಹೂಂ." ನಾನು ಈಚೆ ಬಿಲ್ಲು ಬರೆಯುತ್ತೇನೆ. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತೇನೆ.