ಇತರೆ ಸಾಲಿನ ಒಲೆ

ಆಳಂದದಲ್ಲಿ ನೀತಾಳಿಗೆ ಬಾಡಿಗೆ ಕೋಣೆ ಕೊಡುವವರು ಯಾರೂ ಇಲ್ಲ. ಗಂಡಾಗಿ ಹುಟ್ಟಿದವಳು ಸೀರೆ ಉಟ್ಟಳೆಂದು ನಿಂಬರ್ಗಾ ಹಳ್ಳಿಯ ಅವಳ ಮನೆಯವರೇ ಹೊರಗೆ ಹಾಕಿದ ಮೇಲೆ ಊರಿನವರು ಯಾಕೆ ಕೊಟ್ಟಾರು? ಎಂಟು ವರ್ಷದಿಂದ ನನ್ನ ತಗಡಿನ ಪಡಸಾಲೆಯಲ್ಲಿ ಮಲಗುತ್ತಾಳೆ. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಕೂರುತ್ತಾಳೆ. ಹಗಲೆಲ್ಲ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಹಿಂದೆ ಅಕ್ಕಪಕ್ಕ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಈ ಸಲ ತಾಲೂಕಿನವರು ಹೆಂಗಸರಿಗೆ ರೊಟ್ಟಿ ಸ್ಪರ್ಧೆ ಇಟ್ಟರು. ಗೆದ್ದವಳಿಗೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರೊಟ್ಟಿ ಮಾಡುವ ಕೆಲಸ, ಇರಲು ಒಂದು ಪಕ್ಕಾ ಕೋಣೆ. ಕೋಣೆಯ ಮಾತು ಕೇಳಿ ನೀತಾ ಆ ದಿನ ಆಸೆಯಲ್ಲಿ ಊಟವನ್ನೇ ಮರೆತಳು.

ಸುಮ್ಮನೆ ನಮ್ಮ ಜೊತೆ ಬಂದು ಹೆಸರು ಬರೆಸಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೆಡಿಸಿದವಳು ನಾನು. ಅವಳ ಹತ್ತಿರ ಲಿಂಗತ್ವ ಅಲ್ಪಸಂಖ್ಯಾತೆ ಎಂದು ಬರೆದ ಗುರುತಿನ ಕಾರ್ಡಿತ್ತು. ಅದಕ್ಕಾಗಿ ಒಂದು ವರ್ಷ ಕಲಬುರಗಿಗೆ ಅಲೆದಿದ್ದಳು.

‘ಕಾರ್ಡ ತೋರ್ಸು ಬೇ. ಸರಕಾರದ್ದೈತಿ. ಯಾರೂ ತುಟಿಪಿಟಕ್ ಅನ್ನಂಗಿಲ್ಲ’ ಅಂದೆ.

ಅಧಿಕಾರಿ ಶ್ರೀರಂಗ ಕಾರ್ಡು ನೋಡಿ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಭೇದಭಾವಕ್ಕೆ ಅವಕಾಶವಿಲ್ಲ ಎಂದು ಬ್ಯಾನರಿನಲ್ಲೇ ಬರೆಸಿದ್ದೇವೆ ಅಂದರು. ಆಮೇಲೆ ಹನ್ನೆರಡು ಹೆಂಗಸರ ಸಾಲಿನಿಂದ ದೂರ, ಪೆಂಡಾಲಿನ ಕಂಬದ ಬುಡದಲ್ಲಿ ಅವಳ ಒಲೆ ಇಡಿಸಿದರು. ಮೇಲೆ ‘ಇತರೆ ವಿಭಾಗ’ ಎಂಬ ಬೋರ್ಡು. ನಿಮಗಾಗಿಯೇ ಒಂದು ವಿಭಾಗ ಮಾಡಿದ್ದೇವೆ, ಖುಷಿಪಡಬೇಕು ಅಂದರು.

ರೊಟ್ಟಿಗಳನ್ನು ಹೆಸರಿಲ್ಲದ ಬುಟ್ಟಿಗಳಲ್ಲಿ ನಂಬರು ಹಚ್ಚಿ ಒಯ್ದರು. ರುಚಿ ನೋಡಿದವಳು ಲೀಲಾಬಾಯಿ, ಮದುವೆ ಮನೆಗಳಲ್ಲಿ ರೊಟ್ಟಿ ಮಾಡುತ್ತಲೇ ಮುದುಕಿಯಾದವಳು. ಏಳನೇ ಬುಟ್ಟಿ ಮೊದಲು, ಮೂರನೇ ಬುಟ್ಟಿಗೆ ಎರಡನೇ ಸ್ಥಾನ ಅಂದಳು. ಏಳು ನೀತಾಳದು, ಮೂರು ನನ್ನದು. ಶ್ರೀರಂಗ ಪಟ್ಟಿ ನೋಡಿದರು.

‘ಇತರೆ ವಿಭಾಗದಾಗ ಇವರೊಬ್ರೇ ಅದಾರ. ಕಮ್ಮಿ ಅಂದ್ರ ಮೂರ ಮಂದಿ ಬೇಕಂತ ನಿಯಮ ಐತ್ರಿ. ಆ ವಿಭಾಗ ರದ್ದು.’

ಹಾಗಾದರೆ ನನ್ನನ್ನು ಹೆಂಗಸರ ಸಾಲಿಗೆ ಸೇರಿಸಿರಿ ಎಂದು ನೀತಾ ಕೈಮುಗಿದಳು. ಹಾಗೆ ಮಾಡಿದರೆ ಹೆಂಗಸರಿಗೆ ಅನ್ಯಾಯವಾಗುತ್ತದಂತೆ. ಅವಳ ತೋಳಿನ ಕಸುವೇ ಬೇರೆಯಂತೆ. ರೊಟ್ಟಿ ಬಡಿಯುವುದಕ್ಕೆ!

ಮೊದಲ ಬಹುಮಾನಕ್ಕೆ ನನ್ನ ಹೆಸರು ಕೂಗಿದರು, ಶಿವಕಾಂತಾ ಎಂದು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಖುಷಿಯಾಯಿತು. ಪಕ್ಕಾ ಕೋಣೆ ನನಗೂ ಬೇಕಿತ್ತು.

ರುಜು ಹಾಕಲು ವೇದಿಕೆಯ ಹಿಂದೆ ಹೋದೆ. ಶ್ರೀರಂಗ ಸಾಹೇಬರು ಊಟಕ್ಕೆ ಕೂತಿದ್ದರು. ಎದುರಿಗೆ ಏಳನೇ ನಂಬರಿನ ಬುಟ್ಟಿ. ತಳದಲ್ಲಿ ಒಂದೇ ರೊಟ್ಟಿ ಉಳಿದಿತ್ತು. ನನ್ನ ಮೈ ಉರಿಯಿತು.

‘ನನ್ನ ಹೆಸರ ಹೊಡದ ಹಾಕ್ರಿ’ ಅಂದೆ.

ನಮ್ಮ ಸಾಲಿನಲ್ಲೇ ಒಲೆ ಹೂಡಿದ್ದ ಫಕ್ರುನ್ನಿಸಾ ನನ್ನ ಹಿಂದೆ ಬಂದಿದ್ದಳು. ಅವಳು ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ತನ್ನ ಹೆಸರೂ ಹೊಡೆಯಿರಿ ಅಂದಳು. ಹೊರಗೆ ಹೋಗಿ ಉಳಿದವರಿಗೂ ಹೇಳಿದಳು. ಒಬ್ಬೊಬ್ಬರೇ ಬಂದು ಹೆಸರು ಹೊಡೆಸಿದರು. ಇಬ್ಬರು ಮಾತ್ರ ಬರಲಿಲ್ಲ. ಅವರ ಕಷ್ಟ ಅವರಿಗೆ, ನಾನು ಬಯ್ಯುವುದಿಲ್ಲ.

‘ಹೆಂಗಸರ ವಿಭಾಗದಾಗ ಈಗ ಎಷ್ಟ ಮಂದಿ ಉಳದಾರ, ಎಣಸ್ರಿ ಸಾಹೇಬ್ರ’ ಅಂದಳು ಫಕ್ರುನ್ನಿಸಾ. ‘ಮೂರ ಮಂದಿ ಬೇಕಂತಲ್ರಿ.’

ಅವರು ಎಣಿಸಲಿಲ್ಲ. ಬಾಯಲ್ಲಿ ನೀತಾಳ ರೊಟ್ಟಿಯಿತ್ತು.

ಸ್ಪರ್ಧೆಯೇ ರದ್ದಾಯಿತು. ಹಾಸ್ಟೆಲಿಗೆ ಈಗ ಮಷಿನ್ ರೊಟ್ಟಿ ಬರುತ್ತದೆ. ನೀತಾ ವಾರವಿಡೀ ನನ್ನ ಜೊತೆ ಜಗಳ ತೆಗೆದಳು. ‘ನಿನಗರೆ ಕೋಣಿ ಸಿಗತಿತ್ತಲ್ಲ ಬೇ’ ಅಂದಳು. ಅವಳು ಮತ್ತೆ ನನ್ನ ಪಕ್ಕದಲ್ಲೇ ಒಲೆ ಹೂಡಿದ್ದಾಳೆ, ಪಡಸಾಲೆಯಲ್ಲೇ ಮಲಗುತ್ತಾಳೆ. ಕಾರ್ಡು ಈಗಲೂ ಅವಳ ಕುಪ್ಪಸದಲ್ಲಿದೆ. ತೋರಿಸು ಅಂತ ನಾನು ಮತ್ತೆ ಹೇಳಿಲ್ಲ.