ಎರಡು ಬೆರಳಿನ ಸಂದು

ಕತ್ತಲಲ್ಲಿ ಬೆಳಕಿನ ಚುಕ್ಕೆಗಳು, ಸೂಜಿಮೊನೆಯಷ್ಟೇ ಸಣ್ಣವು, ಇರುವೆ ಸಾಲು ಹೊರಟ ಹಾಗೆ ಒಂದರ ಹಿಂದೆ ಒಂದು, ಎಡಗಂಕುಳಿನಿಂದ ಕೆಳಕ್ಕೆ — ಏನಿದು ಅಂದುಕೊಳ್ಳುವಷ್ಟರಲ್ಲಿ ಗುಂಡ ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಜಗ್ಗಿದ, ತಲೆ ಹೊರಬಿತ್ತು, ಟ್ಯೂಬ್‌ಲೈಟು ಕಣ್ಣಿಗೆ ರಾಚಿತು, ಚುಕ್ಕೆಗಳು ಹೋದವು. ಹೆರಿಗೆ ಆಯ್ತು, ಗಂಡು ಮಗು, ಮುಖ ಮಾತ್ರ ಅಪ್ಪನ ಹಾಗೆ ಸಿಡುಕು ಅಂದ ಗುಂಡ, ಹೆಸರಿಗೆ ಗುಂಡ, ಆಳು ಕಡ್ಡಿ, ಜಿಮ್ಮಿನಲ್ಲಿ ಈ ಅಂಗಿ ತೊಡಿಸುವುದಕ್ಕೆ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಇದನ್ನು ಅಂಗಿ ಅನ್ನುವುದೇ ಒಂದು ತಮಾಷೆ, ಲಾರಿಗೆ ಹೊದಿಸುವ ಟಾರ್ಪಾಲಿನಂಥ ಬಟ್ಟೆ, ಮೈಗಿಂತ ಎರಡು ಅಳತೆ ಚಿಕ್ಕದು, ತೋಳುಗಳನ್ನು ಮುಂದಕ್ಕೆ ಚಾಚಿದ ಹಾಗೆಯೇ ಹೊಲಿದದ್ದು, ತೊಟ್ಟ ಮೇಲೆ ಕೈ ಇಳಿಯುವುದಿಲ್ಲ, ನಿದ್ದೆಗಣ್ಣಲ್ಲಿ ನಡೆಯುವವನ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು ನಿಲ್ಲಬೇಕು, ಮೂಗು ತುರಿಸಿದರೆ ಇನ್ನೊಬ್ಬರನ್ನು ಕರೆಯಬೇಕು. ಕರೆಯುವುದೇ ನನಗೆ ಆಗದ ಕೆಲಸ. ಬೆಣ್ಣೆ ಇಳಿದ ಹಾಗೆ ಇಳೀತಲ್ಲೋ ಇವತ್ತು, ಗುಂಡ ಬೆರಳು ಊದಿಕೊಂಡ, ಮುಂಚೆ ಇದನ್ನ ತೊಡಿಸಿದ್ರೆ ನನ್ನ ಉಗುರು ಕಿತ್ತು ಬರ್ತಿತ್ತು, ಸೊರಗಿಬಿಟ್ಟಿದೀಯ ನೀನು, ಊಟ ಬಿಟ್ಯಾ? ಬಿಟ್ಟಿದ್ದೇನೆ, ಊಟ, ನಿದ್ದೆ, ಮಾತು, ಎಲ್ಲವನ್ನೂ, ಆದರೆ ಅದನ್ನು ಇವನಿಗೇಕೆ ಹೇಳಲಿ, ಬಾಯಿ ಮುಚ್ಕೊಂಡು ಎಳಿಯೋ, ಅಂದೆ, ಎಳೆದ.

ಶಟರ್ ಕೆಲಸ ಮಾಡುವ ನನಗೆ ಈ ಅಂಗಿಯ ಮರ್ಮ ಮೊದಲ ದಿನವೇ ತಿಳಿದಿತ್ತು, ತಿಳಿಯುವುದು ಬೇರೆ, ಒಗ್ಗುವುದು ಬೇರೆ. ಅಂಗಡಿಯ ಶಟರ್ ಎಳೆದು ಇಳಿಸುವಾಗ ಮೇಲಿನ ಪೈಪಿನೊಳಗೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ಬೆಳಗ್ಗೆ ಎತ್ತುವಾಗ ಅದೇ ಸ್ಪ್ರಿಂಗ್ ಬಿಚ್ಚಿಕೊಂಡು ಕೈಜೋಡಿಸುತ್ತದೆ, ಅದಿಲ್ಲದಿದ್ದರೆ ಅಂಗಡಿಯ ಮುದುಕ ಸೇಠು ಅಷ್ಟು ಭಾರದ ತಗಡನ್ನು ಎತ್ತಿದ ಹಾಗೇ. ಅಂಗಿಯೂ ಅಷ್ಟೇ, ಬೆಂಚಿನ ಮೇಲೆ ಮಲಗಿ ತೂಕ ಸಿಕ್ಕಿಸಿದ ಕಬ್ಬಿಣದ ಬಾರ್ ಇಳಿಸುವಾಗ ಎದೆಯ ಮೇಲೆ ಬಿಗಿಯಾಗುತ್ತಾ ಹೋಗುತ್ತದೆ, ಕೆಳಗೆ ಮುಟ್ಟಿದಾಗ ಪೂರಾ ಬಿಗಿ, ಅಲ್ಲಿಂದ ಅದೇ ಚಿಮ್ಮಿಸುತ್ತದೆ. ಆದರೆ ಕಡಿಮೆ ತೂಕಕ್ಕೆ ಬಗ್ಗುವುದಿಲ್ಲ ಮುಂಡೇದು, ತಿಂಗಳುಗಟ್ಟಲೆ ಎದೆಯ ಮೇಲೆ ಹಲಗೆ ಇಟ್ಟುಕೊಂಡು, ಬಾರನ್ನು ಹಲಗೆಯವರೆಗೆ ಮಾತ್ರ ಇಳಿಸಿ ಎತ್ತಬೇಕು, ಮೊದಲು ಮೂರು ಹಲಗೆ, ಆಮೇಲೆ ಎರಡು, ಆಮೇಲೆ ಒಂದು, ಕಂಕುಳು ಕೆಂಪಾಗಿ ನೀಲಿಯಾಗಿ ಹಳದಿಯಾಗಿ, ಬಾರ್ ಹೊಟ್ಟೆಯ ಕಡೆಗೆ ಒಂದೇ ದಾರಿಯಲ್ಲಿ ಇಳಿಯಬೇಕು, ಒಂದು ಬೆರಳು ದಾರಿ ತಪ್ಪಿದರೆ ಅಂಗಿಯೇ ಅದನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಎಸೆಯುತ್ತದೆ. ಸಿಟ್ಟು ಮಾಡ್ಕೊಂಡು ಇಳಿಸಬೇಡ ಕಣೋ, ಮಗು ಮಲಗಿಸೋ ಹಾಗೆ ಇಳಿಸು, ಸಿಟ್ಟು ಇದ್ರೆ ಮೇಲೆ ಹೋಗೋವಾಗ ಇಟ್ಕೋ — ಇದು ಭಾವನ ಮಾತು. ಅಕ್ಕನ ಗಂಡ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯ ಕೋಲು ಕಿತ್ತು ಕಿಟಕಿಯಿಂದ ಎಸೆದು ಮನೆಗೆ ಬಂದವನನ್ನು, ಇನ್ನು ಹೋಗಲ್ಲ ಅಂದವನನ್ನು, ಎಲ್ಲರೂ ಬೈದು ಸುಸ್ತಾದ ಮೇಲೆ, ಬಾ ಇಷ್ಟು ಸಿಟ್ಟನ್ನ ಎಲ್ಲಾದ್ರೂ ಇಳಿಸೋಣ ಅಂತ ಜಿಮ್ಮಿಗೆ ಕರೆದುಕೊಂಡು ಹೋದವರು. ಕಬ್ಬಿಣ ಚೆನ್ನಾಗಿತ್ತು, ಎಷ್ಟು ಬೈದರೂ ತಿರುಗಿ ಬುದ್ಧಿ ಹೇಳುತ್ತಿರಲಿಲ್ಲ. ಈಗ ಆ ಮನುಷ್ಯ ಸ್ಪರ್ಧೆ ನಡೆಯುವ ಹಾಲ್‌ನ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದಾರೆ, ಅಕ್ಕನನ್ನು ಬಿಡಲು ಬಂದ ನೆವ, ನಾನು ನೋಡಿಲ್ಲ, ನೋಡುವುದಿಲ್ಲ, ನೀಲಿ ಅಂಗಿ ತೊಟ್ಟಿದ್ದಾರೆ, ನೋಡಿಲ್ಲ.

ನೂರ ಎಂಬತ್ತು ಕಿಲೋ, ಮೂರು ಅವಕಾಶ. ಮೊದಲ ಸಲ ಬಾರ್ ಇಳಿಯಿತು, ಇಳಿಯಿತು, ನಿಂತಿತು, ಎದೆಗೂ ಬಾರಿಗೂ ಎರಡು ಬೆರಳು ಸಂದು, ಗುಂಡ ಪಕ್ಕದಿಂದ ಇನ್ನೂ ಇದೆ ಇನ್ನೂ ಇದೆ ಅಂತ ಕಿರುಚುತ್ತಾನೆ, ಬಾರ್ ಎದೆಗೆ ಮುಟ್ಟಬೇಕು, ಅಲ್ಲಾಡದೆ ನಿಲ್ಲಬೇಕು, ಆಗ ತೀರ್ಪುಗಾರ ಪ್ರೆಸ್ ಅನ್ನುತ್ತಾನೆ, ಆಗಲೇ ಎತ್ತಬೇಕು, ಮುಟ್ಟದಿದ್ದರೆ ಅವನು ಏನೂ ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾನೆ, ಆ ಸುಮ್ಮನೆ ನೋಡುವುದು ಬೈಗುಳಕ್ಕಿಂತ ಕೆಟ್ಟದ್ದು. ಕೆಂಪು ಬಲ್ಬು ಮೂರು, ಫೇಲು. ಎರಡನೇ ಸಲವೂ ಅಲ್ಲೇ, ಕೂದಲಿನಷ್ಟೂ ಆಚೀಚೆ ಇಲ್ಲ, ಅದೇ ಎರಡು ಬೆರಳು, ಅದೇ ಮೂರು ಕೆಂಪು, ತಲೆಯ ಹತ್ತಿರ ನಿಂತು ಬಾರ್ ಎತ್ತಿಕೊಟ್ಟ ಅಪರಿಚಿತ ಆಳು ಅಂಗಿ ಬಿಗಿ ಇರಬೇಕು ಸರ್ ಅಂದ, ಮರುಕದಲ್ಲಿ, ಅವನ ಮರುಕಕ್ಕೆ ಬೆಂಕಿ ಬೀಳ. ಇನ್ನೊಂದೇ ಉಳಿದಿರುವುದು. ಹೇಳಿದ ತೂಕ ಇಳಿಸುವ ಹಾಗಿಲ್ಲ, ಮೂರನೆಯದೂ ಹೋದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಏನೂ ಇರುವುದಿಲ್ಲ, ಅದು ಹಾಳಾಗಲಿ, ಹೆಸರಿನ ಮುಂದೆ ನನಗೆ ಯಾವತ್ತು ಏನಿತ್ತು — ಆದರೆ ಎದೆಗೆ ಬಾರ್ ಮುಟ್ಟಿಸಲಾರದವನು ಮತ್ತೆ ಯಾವ ಮುಖ ಹೊತ್ತು ಬೆಂಚಿನ ಮೇಲೆ ಮಲಗುತ್ತಾನೆ, ಮಲಗದಿದ್ದರೆ ಈ ಮೈಯೊಳಗೆ ಕುದಿಯುವುದನ್ನು ಎಲ್ಲಿ ಚೆಲ್ಲಲಿ, ಯಾರ ಮೇಲೆ, ಅಮ್ಮನ ಮೇಲೋ. ಕೆಲವು ತಿಂಗಳ ಹಿಂದೆ ಜಿಮ್ಮಿನಲ್ಲಿ ಅದು ಆದ ದಿನದಿಂದ ಹೀಗೇ. ಆ ದಿನ ಮುಟ್ಟಿತ್ತು, ಚೆನ್ನಾಗಿಯೇ ಮುಟ್ಟಿತ್ತು, ದಾರಿ ತಪ್ಪಿ ಎದೆಯ ಮೇಲೆ ಕೂತಿತು, ಕೂತೇಬಿಟ್ಟಿತು, ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ, ಒಳಗೆಲ್ಲೋ ಒಣಕಡ್ಡಿ ಮುರಿದ ಸದ್ದು, ಪಕ್ಕೆಲುಬು ಅಂತ ಆಮೇಲೆ ಗೊತ್ತಾಯಿತು, ಮೇಲೆ ನೋಡಿದರೆ ಭಾವನ ಎರಡು ಅಂಗೈಗಳು, ಬಾರಿನ ಕೆಳಗೆ, ಬಿಚ್ಚಿಕೊಂಡು, ಮುಟ್ಟದೆ. ಮುಟ್ಟದೆ. ಗೆರೆಗಳು ಕಾಣುತ್ತಿದ್ದವು, ಗ್ರೀಸಿನ ಕಲೆ ಕಾಣುತ್ತಿತ್ತು. ನಮ್ಮ ಜಿಮ್ಮಿನ ಕಟ್ಟಳೆ ಅದು, ಮಲಗಿದವನು ತಗೋ ಅನ್ನುವವರೆಗೂ ನಿಂತವನು ಮುಟ್ಟಬಾರದು, ಮುಟ್ಟಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ, ಅದಕ್ಕೂ ಮುಂಚೆ ಒಂದು ಸಲ ಭಾವ ಬೇಗ ಮುಟ್ಟಿದ್ದಕ್ಕೆ ಇಡೀ ಜಿಮ್ಮಿನ ಎದುರು ನಾನು ಕೂಗಾಡಿದ್ದೆ, ಯಾರು ಕೇಳಿದ್ರು ನಿಮ್ಮನ್ನ, ನಾನು ಹೇಳಿದ್ನಾ, ನಾನು ಸತ್ರೂ ಹೇಳದೆ ಮುಟ್ಟಬೇಡಿ. ಸರಿ ಕಣಪ್ಪ ಅಂದಿದ್ದರು. ಸರಿ ಅಂದರೆ ಸರಿಯೇ? ಸಾಯುವವನು ಸಾಯುತ್ತೇನೆ ಅಂತ ಅರ್ಜಿ ಕೊಡಬೇಕೇ? ಎಷ್ಟು ಹೊತ್ತು ಹಾಗೆ ನಿಂತರೋ, ಕೊನೆಗೆ ಗುಂಡ ಬಂದು ಕಿರುಚಿದ, ಆಗ ಎತ್ತಿದರು. ನೀನು ತಗೋ ಅಂದ್ಯೇನೋ ಅಂತ ಅಕ್ಕ ಆಸ್ಪತ್ರೆಯಲ್ಲಿ ಕೇಳಿದಳು, ಅದನ್ನೇ ಕೇಳಿದಳು, ನೋವಾಯ್ತಾ ಅಂತಲ್ಲ, ಅನ್ನೋಕೆ ಉಸಿರು ಎಲ್ಲಿತ್ತೇ ಅಂದೆ, ಅವರಿಗೆ ಹೇಗೆ ಗೊತ್ತಾಗ್ಬೇಕು ಅಂದಳು, ಕಣ್ಣಿಲ್ವಾ ಅವರಿಗೆ ಅಂದೆ, ಅಂದಿನಿಂದ ಭಾವನ ಜೊತೆ ಮಾತಿಲ್ಲ, ಅಕ್ಕ ರಜೆಯ ದಿನ ಒಬ್ಬಳೇ ನಮ್ಮ ಮನೆಗೆ ಬರುತ್ತಾಳೆ, ಬಂದು ಅಮ್ಮನ ಹತ್ತಿರ ಕೂತು ಹೋಗುತ್ತಾಳೆ, ನನ್ನ ಚಪ್ಪಲಿ ಬಾಗಿಲಲ್ಲಿದ್ದರೆ ಗಂಡನ ಹೆಸರನ್ನೇ ಎತ್ತುವುದಿಲ್ಲ.

ಅಕ್ಕ ವೇದಿಕೆಯ ಪರದೆಯ ಹಿಂದೆ ಬೆಂಚಿನ ತುದಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ನನ್ನ ಚೀಲ, ಚೀಲದ ಮೇಲೆ ಅವಳ ಕೈ, ಕಾರಿನ ಸೀಟಿನ ಹೊದಿಕೆ ಹೊಲಿದೂ ಹೊಲಿದೂ ದಡ್ಡುಗಟ್ಟಿದ ಬೆರಳು. ಈ ಅಂಗಿಯನ್ನು ನನ್ನ ಮೈಗೆ ಹಿಡಿಸಿದವಳೂ ಅವಳೇ, ಅವಳ ಅಂಗಡಿಯ ದಪ್ಪಸೂಜಿ ಮಿಷನ್ ಬಿಟ್ಟರೆ ಬೇರೆ ಯಾವುದಕ್ಕೂ ಈ ಬಟ್ಟೆ ಜಗ್ಗುವುದಿಲ್ಲ. ಬಿಚ್ಚೇ, ಅಂದೆ, ಕೈ ಮುಂದೆ ಚಾಚಿಕೊಂಡೇ, ಭಿಕ್ಷುಕನ ಹಾಗೆ, ಆದರೆ ಧ್ವನಿ ಮಾತ್ರ ಸಾಹುಕಾರನದ್ದು, ಬ್ಲೇಡ್ ಇದ್ಯಾ, ಈ ತೋಳಿನ ಹೊಲಿಗೆ ಬಿಚ್ಚು, ಅರ್ಧ ಇಂಚು, ಬೇಗ, ಕೊಂದು ಹಾಕ್ತಿದೆ ಇದು, ಬಿಗಿ, ಮುಟ್ಟಕ್ಕೇ ಬಿಡ್ತಿಲ್ಲ. ಅವಳು ಎದ್ದಳು, ಬ್ಲೇಡ್ ತೆಗೆಯಲಿಲ್ಲ, ನನ್ನ ಎಡಗೈಯನ್ನು ಇನ್ನೂ ಮೇಲಕ್ಕೆತ್ತಿದಳು, ಬಗ್ಗು, ನೋಡು ಅಂದಳು, ಏನು ನೋಡೋದು, ನೋಡೋ ಮಾರಾಯ, ಒಂದು ಸಲ ಬೇರೆಯವರು ತೋರಿಸಿದ್ದನ್ನ ನೋಡು. ಕುತ್ತಿಗೆ ತಿರುಗಿಸಿ ನೋಡಿದೆ. ಕಂಕುಳಿನಿಂದ ಕೆಳಕ್ಕೆ ಬಿಳಿ ದಾರದ ಹೊಸ ಹೊಲಿಗೆ, ಸೀಟಿನ ಹೊದಿಕೆಯ ದಾರ, ಅದರ ಒಳಗಡೆಗೆ ಒಂದು ಇಂಚಿನ ಪಟ್ಟಿ, ಬಿಸಿಲು ಕಾಣದ ಕಡುಗಪ್ಪು, ಪಟ್ಟಿಯ ಆ ಅಂಚಿನಲ್ಲಿ ಹಳೇ ಹೊಲಿಗೆ ಇದ್ದ ಜಾಗದಲ್ಲಿ ತೂತುಗಳು, ಖಾಲಿ ಸೂಜಿತೂತುಗಳು, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಹೋದ ವಾರಾನೇ ಬಿಚ್ಚಿದೀನಿ ಕಣೋ, ಅಂದಳು, ಎರಡೂ ಕಡೆ ಒಂದೊಂದು ಇಂಚು, ನೀನೇ ಕೇಳಿದ್ದು, ಮಾರನೇ ದಿನ ಬೇಡ ಅಂತ ಕೂಗಾಡ್ಕೊಂಡು ಬಂದೆ, ಅಷ್ಟರಲ್ಲಿ ಹೊಲಿದಾಗಿತ್ತು, ನಿನ್ನ ಬಾಯಿಗೆ ಹೆದರಿ ಹೇಳಲಿಲ್ಲ.

ತಲೆಯೊಳಗೆ ಏನೋ ಜಾರಿತು, ಪೈಪಿನಿಂದ ಸ್ಪ್ರಿಂಗ್ ಕಳಚಿದಾಗ ಶಟರ್ ಪೂರಾ ಕೈಮೇಲೆ ಬರುತ್ತದಲ್ಲ, ಹಾಗೆ. ಹೇಳದೆ ಬಿಚ್ಚಿದ್ಯಾ, ಅಂದೆ, ಇಬ್ರೂ ಸೇರಿ ನನ್ನನ್ನ ಸಾಯಿಸ್ಬೇಕು ಅಂತಾನೇ ಇದೀರಾ, ಎಷ್ಟು ಬಿಚ್ಚಬೇಕು ಅಂತ ನಿಂಗೆ ಯಾರೇ ಹೇಳಿದ್ದು? ಅವಳು ಬಾಗಿಲಿನ ಕಡೆ ನೋಡಿದಳು. ಅಷ್ಟೇ ಸಾಕಾಯಿತು. ಅವರೇ ಅಳೆದು ಗುರುತು ಹಾಕಿ ಕೊಟ್ರು, ಅಂದಳು, ಇಷ್ಟು ಬಿಚ್ಚಿದ್ರೆ ಅಂಗಿ ತಡೆಯಲ್ಲ, ಸಲೀಸಾಗಿ ಮುಟ್ಟುತ್ತೆ, ಆಮೇಲೂ ಮುಟ್ಟಲಿಲ್ಲ ಅಂದ್ರೆ — ಅಂದ್ರೆ ಏನೇ? ಗುಂಡ ತನ್ನ ಉಗುರು ನೋಡಿಕೊಂಡ. ಬೆಣ್ಣೆ ಇಳಿದ ಹಾಗೆ ಇಳಿಯಿತಲ್ಲ, ಅಂಗಿ, ಬೆಳಗ್ಗೆ. ಹಾಗಾದರೆ ಯಾವುದು ಹಿಡಿದಿದ್ದು, ಎರಡು ಸಲ, ಕೂದಲಿನಷ್ಟೂ ಆಚೀಚೆ ಆಗದ ಹಾಗೆ ಎರಡು ಬೆರಳಿನ ಮೇಲೆ ಯಾವುದು ಹಿಡಿದು ನಿಲ್ಲಿಸಿತು, ಬಟ್ಟೆ ಅಲ್ಲ, ಹೊಲಿಗೆ ಅಲ್ಲ, ಇದೇ ಕೈ, ಈ ಹಂದಿಯಂಥ ತೋಳುಗಳು, ನನ್ನನ್ನು ಕೇಳದೆ, ನನಗೆ ಹೇಳದೆ, ನಾನು ಯಾರಿಗೂ ಹೆದರಲ್ಲ, ಮೇಷ್ಟ್ರಿಗೆ ಹೆದರಲಿಲ್ಲ, ತಲೆಯ ಮೇಲೆ ಬಿದ್ದ ಶಟರಿಗೆ ಹೆದರಲಿಲ್ಲ, ಮತ್ತೆ ಇದಕ್ಕೆ ಏನು ಹೆಸರು, ಹೆಸರು ಇಡಬೇಡ, ಇಟ್ಟರೆ ಉಳಿದುಬಿಡುತ್ತದೆ. ಮೈಕಿನಲ್ಲಿ ನನ್ನ ಸರದಿ ಕೂಗಿದರು. ಬರೋಕೆ ಹೇಳು ಅವರಿಗೆ, ಅಂದೆ, ಈ ಸಲ ಬಾರ್ ಅವರೇ ಎತ್ತಿ ಕೊಡಲಿ, ಏನು ಮಾಡ್ತಾರೋ ನೋಡೇಬಿಡ್ತೀನಿ. ಅಕ್ಕ ಚೀಲ ಕೆಳಗಿಟ್ಟು ಓಡಿದಳು, ಮದುವೆಯಾದ ಮೇಲೆ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ.

ಬೆಂಚು ಬೆನ್ನಿಗೆ ತಣ್ಣಗಿದೆ, ಕಾಲು ನೆಲಕ್ಕೆ ಒತ್ತಿದ್ದೇನೆ, ಸೀಮೆಸುಣ್ಣದ ಪುಡಿ ಮೂಗಿನಲ್ಲಿ, ಮೇಲೆ ತಲೆಕೆಳಗಾದ ಮುಖ, ಭಾವನ ಗಲ್ಲ, ಗಲ್ಲದ ಕೆಳಗೆ ಬೋಳಿಸುವಾಗ ಬಿಟ್ಟುಹೋದ ನಾಲ್ಕು ಕೂದಲು, ವಯಸ್ಸಾಗಿದೆ ಇವರಿಗೆ, ಯಾವಾಗ ಆಯಿತು. ಬಗ್ಗಿದರು. ತಗೋ ಅಂದ್ರೆ ತಗೋತೀನಿ, ಅಂದರು, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, ಅನ್ನದಿದ್ರೆ? ಈ ಪ್ರಶ್ನೆಯನ್ನು ಆ ದಿನವೇ ಕೇಳಬೇಕಾಗಿತ್ತು ನೀವು, ಕೇಳಲಿಲ್ಲ, ನಾನು ಕೇಳಲು ಬಿಟ್ಟಿದ್ದೆನೇ, ಅದು ಬೇರೆ ಮಾತು, ತೀರ್ಪುಗಾರ ಕಾಯುತ್ತಿದ್ದಾನೆ, ಗಡಿಯಾರ ಓಡುತ್ತಿದೆ, ಅನ್ನದಿದ್ದರೆ, ಅನ್ನದಿದ್ದರೆ — ನಿಮಗೆ ಬಿಟ್ಟಿದ್ದು ಅಂದೆ. ಇಷ್ಟು ತಿಂಗಳ ಮೇಲೆ ಬಾಯಿಂದ ಬಿದ್ದ ಮಾತು, ಬೈಗುಳದ ಹಾಗೇ ಬಿತ್ತು. ಆಯ್ತು ಅಂದರು. ಬಾರ್ ಬಂತು, ನೂರ ಎಂಬತ್ತು ಮಣಿಕಟ್ಟಿಗೆ ಇಳಿಯಿತು, ಭಾವನ ಕೈ ಸರಿಯಿತು, ಶುರು ಅಂದ ತೀರ್ಪುಗಾರ, ಇಳಿಸು, ಮಗು ಮಲಗಿಸೋ ಹಾಗೆ, ಯಾವ ಮಗು, ಸುಮ್ಮನಿರು, ಹೊಟ್ಟೆಯ ಕಡೆಗೆ, ಒಂದೇ ದಾರಿ, ಅಂಗಿ ಬಿಗಿಯಾಗುತ್ತಿದೆ, ಹೌದು ಆದರೆ ಮೊದಲಿನಷ್ಟಲ್ಲ, ಒಂದು ಇಂಚು ಕಡಿಮೆ, ಈಗ ಗೊತ್ತಾಗುತ್ತಿದೆ, ಗುಂಡ ಇನ್ನೂ ಇದೆ ಅನ್ನುತ್ತಿದ್ದಾನೆ, ಇನ್ನೂ ಇದೆ, ಬಂತು ಆ ಜಾಗ, ಎರಡು ಬೆರಳು, ತೋಳು ನಿಂತಿತು, ತಾನಾಗಿ ನಿಂತಿತು, ನೋಡು ಹೇಗೆ ನಿಲ್ಲುತ್ತದೆ ನಾಯಿ ಮನೆಬಾಗಿಲಲ್ಲಿ ನಿಂತ ಹಾಗೆ, ಇಳಿ, ಇಳಿಯೋ, ಇನ್ನೂ ಇದೆ ಇನ್ನೂ ಇದೆ, ಬಟ್ಟೆ ಹಿಡಿದಿಲ್ಲ, ಹೊಲಿಗೆ ಹಿಡಿದಿಲ್ಲ, ಬಿಡು, ಭಾವನ ಅಂಗೈ ಕಾಣುತ್ತಿದೆ, ಗೆರೆ, ಗ್ರೀಸಿನ ಕಲೆ, ಬಿಡು, ಬಿಟ್ಟೆ — ಗುಂಡ ಕಿರುಚುವುದನ್ನು ನಿಲ್ಲಿಸಿದ. ಮುಟ್ಟಿದೆ. ಪಕ್ಕೆಲುಬಿನ ಅದೇ ಜಾಗ, ಅದೇ ಭಾರ, ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ, ಯಾರೂ ಮುಟ್ಟಿಲ್ಲ, ಪ್ರೆಸ್ ಅನ್ನಬೇಕು ತೀರ್ಪುಗಾರ, ಇನ್ನೂ ಅಂದಿಲ್ಲ, ಅಲ್ಲಾಡಬಾರದು, ತಗೋ ಅನ್ನಲೇ, ಅನ್ನಬಹುದು, ನಾಲಿಗೆಯ ತುದಿಯಲ್ಲಿದೆ, ಅಂಗೈ ಅಲ್ಲೇ ಇದೆ, ಕಣ್ಣು ಮುಚ್ಚಿದೆನೋ ಏನೋ, ಕತ್ತಲು, ಕತ್ತಲಲ್ಲಿ ತೂತುಗಳು, ದಾರ ಕಳಚಿದ ಖಾಲಿ ತೂತುಗಳು, ಬೆಳಕು ಬಿಡುತ್ತಾ, ಒಂದರ ಹಿಂದೆ ಒಂದು, ಒಂದರ ಹಿಂದೆ —