ಹನಿ ಚೆಲ್ಲದೆ ಏರಿದ ಕ್ಯಾಮೆರಾ

ವಾಂತಿ ಬಂದರೆ ಇರಲಿ ಎಂದು ಅಪ್ಪನ ಮಡಿಲಲ್ಲಿ ಬೇಸಿನ್ ಇತ್ತು. ಅಳಿಯ ಫೋನಿನಲ್ಲಿ ಹಿಡಿದು ತಂದ ವಿಡಿಯೊ ಟೀವಿಯಲ್ಲಿ ಕುಣಿಯುತ್ತಿತ್ತು. ದೀಪಸ್ತಂಭದ ಬಾಗಿಲು, ಸುರುಳಿ ಮೆಟ್ಟಿಲು, ಗೋಡೆ, ಅಳಿಯನ ಹೆಬ್ಬೆರಳು, ಮತ್ತೆ ಗೋಡೆ. ಎರಡು ಸುತ್ತು ಏರುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡರು.

"ಆರ್ಸಮ್ಮ, ಆರ್ಸು. ಮನೆಯೇ ತಿರುಗ್ತಿದೆ."

ಮಗಳು ಟೀವಿ ಆರಿಸಿ ಗಂಡನ ಕಡೆ ತಿರುಗಿದಳು. "ಏನ್ರೀ, ಮೆಟ್ಟಿಲು ಹತ್ತಿದ್ರೋ, ಉರುಳಿ ಬಿದ್ರೋ?"

"ಎರಡೂ ಸ್ವಲ್ಪ ಸ್ವಲ್ಪ" ಎಂದ ಅವನು, ತಲೆ ಕೆರೆದುಕೊಳ್ಳುತ್ತ.

ಆ ದೀಪವನ್ನು ಕಾಯುವುದರಲ್ಲೇ ಅಪ್ಪನ ಪ್ರಾಯವೆಲ್ಲ ಸವೆದಿತ್ತು. ಈಗ ಒಳಕಿವಿಯ ಕಾಯಿಲೆ. ಹೊಸ್ತಿಲು ದಾಟಿದರೂ ತಲೆ ಸುತ್ತುತ್ತಿತ್ತು, ಅಲುಗಾಡುವ ಚಿತ್ರ ನೋಡಿದರೂ ಸುತ್ತುತ್ತಿತ್ತು. ಬಂದರಿನವರು ವಾರದ ಕೊನೆಗೆ ಹಳೆಯ ದೀಪವನ್ನು ಇಳಿಸಿ ಬಾಗಿಲಿಗೆ ಬೀಗ ಹಾಕುವವರಿದ್ದರು. ಅಷ್ಟರೊಳಗೆ ಒಮ್ಮೆ, ಬುಡದಿಂದ ತುದಿಯ ತನಕ, ತಾನೇ ಹತ್ತಿದ ಹಾಗೆ ಕಾಣಬೇಕು ಎಂಬುದು ಅಪ್ಪನ ಆಸೆ. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೇ ಅಪರೂಪ.

ಮಗಳು ಹೊಲಿಗೆಯವಳು. ಮಾರನೆಯ ದಿನ ಗಂಡನ ಜೊತೆ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗೆ ಹೋದಾಗ ಅಳತೆ ಟೇಪು ಎಂದಿನಂತೆ ಕೊರಳಲ್ಲೇ ಇತ್ತು. ಅಂಗಡಿಯವನು ಕಲ್ಲಿನಂಥ ದೊಡ್ಡ ಕ್ಯಾಮೆರಾ ಒಂದನ್ನು ಎರಡು ಹಿಡಿಗಳ ಗಿಂಬಲ್ ಎಂಬ ಚೌಕಟ್ಟಿಗೆ ಸಿಕ್ಕಿಸಿ ಮುಂದಿಟ್ಟ.

"ಇದು ರಾಜ, ಅಕ್ಕ. ಮೂರು ಮೋಟಾರು. ನಿಮ್ಮ ಕೈ ಎಷ್ಟೇ ವಾಲಿದರೂ ಕ್ಯಾಮೆರಾ ನೆಟ್ಟಗೇ ಇರುತ್ತೆ."

ಅವಳು ಹಿಡಿ ಎರಡನ್ನೂ ಹಿಡಿದು ಮೊಣಕೈ ಅಗಲಿಸಿ ನಿಂತು, ಈ ಮೊಣಕೈಯಿಂದ ಆ ಮೊಣಕೈಗೆ ಟೇಪು ಎಳೆಯಲು ಗಂಡನಿಗೆ ಹೇಳಿದಳು.

ಅಂಗಡಿಯವನು ನಕ್ಕ. "ಏನಕ್ಕ, ಕ್ಯಾಮೆರಾಗೂ ರವಿಕೆ ಹೊಲೀತೀರಾ?"

"ನಿಮ್ಮ ರಾಜನಿಗೆ ನಮ್ಮ ಮೆಟ್ಟಿಲು ಬಿಗಿಯಾಗುತ್ತಪ್ಪ. ಎರಡೂ ಕಡೆ ಗೋಡೆಗೆ ಉಜ್ಜುತ್ತೆ. ಇನ್ನೂ ಸಣ್ಣದು ತೋರ್ಸು."

ಅಂಗೈಯಗಲದ ಕ್ಯಾಮೆರಾ ಬಂತು, ಒಂದೇ ಹಿಡಿಯ ಹಗುರ ಗಿಂಬಲ್ ಬಂತು. ಜೂಮ್ ಲೆನ್ಸ್ ಬೇಕೇ ಎಂದು ಕೇಳಿ ಅವನು ಅದನ್ನು ತಿರುಗಿಸಿದ. ಕೊಳವೆ ಮೂತಿ ಚಾಚಿದ್ದೇ ತಡ, ಗಿಂಬಲ್ ಮುಂದಕ್ಕೆ ತೂಗಿತು. ಅವಳು ತಲೆಯಾಡಿಸಿ, ಉದ್ದ ಬದಲಾಗದ ಅಗಲನೋಟದ ಲೆನ್ಸನ್ನೇ ಆರಿಸಿದಳು. ಇಕ್ಕಟ್ಟಿನ ಜಾಗದಲ್ಲಿ ಗೋಡೆ, ಮೆಟ್ಟಿಲು ಎರಡೂ ಕಾಣಬೇಕಲ್ಲ.

ಹೊರಡುವಾಗ ಅಂಗಡಿಯವನು ಗಂಭೀರನಾಗಿ ಹೇಳಿದ: "ವಾಲೋದನ್ನ ಇದು ತಡೆಯುತ್ತೆ ಅಕ್ಕ. ಕಾಲಿನ ಕುಪ್ಪಳಿಕೆ ತಡೆಯಲ್ಲ. ಅದು ನಿಮ್ಮ ಮಂಡಿಗೆ ಬಿಟ್ಟಿದ್ದು."

ಮನೆಗೆ ಬಂದವಳ ಕೈ ಸುಮ್ಮನಿರಲಿಲ್ಲ. ಬಾಡಿಗೆಯ ವಸ್ತು ಬಿದ್ದು ಒಡೆದರೆ ಎಂದು ಹತ್ತಿ ತುಂಬಿ, ಅಂಚು ಮಡಚಿ, ಕ್ಯಾಮೆರಾಗೆ ಚಂದದ ಕೊರಳಪಟ್ಟಿ ಹೊಲಿದಳು. ಅದನ್ನು ಸುತ್ತಿ ಬದಿಗೆ ಸಿಕ್ಕಿಸಿಟ್ಟು ಗಿಂಬಲ್‌ನ ತೂಕ ಸರಿಮಾಡಿದಳು. ಕ್ಯಾಮೆರಾ ನೀರಿನ ಮೇಲಿನ ಎಲೆಯಂತೆ ನಿಂತಿತು.

ಬೀಗ ಬೀಳುವ ಹಿಂದಿನ ದಿನ, ದೀಪಸ್ತಂಭದ ಮೊದಲ ತಿರುವಿನಲ್ಲೇ ಆ ಪಟ್ಟಿ ಬಿಚ್ಚಿಕೊಂಡು ಜೋತುಬಿದ್ದು ತೂಗಾಡತೊಡಗಿತು. ಮೋಟಾರುಗಳು ಗುರುಗುಟ್ಟಿದವು, ಕ್ಯಾಮೆರಾ ಚಳಿ ಹಿಡಿದಂತೆ ನಡುಗಿತು.

ಹಿಂದಿನಿಂದ ಗಂಡ ಪಿಸುಗುಟ್ಟಿದ: "ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ ಕಣೆ."

"ಬಾಯ್ಮುಚ್ಕೊಂಡು ಕತ್ತರಿ ಕೊಡಿ."

ತನ್ನ ಹೊಲಿಗೆಯನ್ನು ತಾನೇ ಕಚಕ್ಕನೆ ಕತ್ತರಿಸಿದಳು. ಮೋಟಾರುಗಳು ಸುಮ್ಮನಾದವು. ಆದರೆ ಮತ್ತೆ ಹತ್ತಿ, ತೆಗೆದದ್ದನ್ನು ನೋಡಿದರೆ ಚಿತ್ರ ಈಗಲೂ ಮೆಟ್ಟಿಲಿಗೊಮ್ಮೆ ಕುಪ್ಪಳಿಸುತ್ತಿತ್ತು. ಅಪ್ಪನಿಗೆ ಇಷ್ಟೇ ಸಾಕು ಬೇಸಿನ್ ಕೇಳಲು. ಕಿಂಡಿಯಲ್ಲಿ ಬಿಸಿಲು ಇಳಿಮುಖವಾಗಿತ್ತು; ಬಾಗಿಲು ತೆರೆದುಕೊಟ್ಟ ಬಂದರಿನ ಕೀಲಿಯವನು ಕೆಳಗೆ ಕೀಲಿಗೊಂಚಲು ಗಿಲಕಿಸುತ್ತಿದ್ದ. ನಾಳೆ ಈ ಬಾಗಿಲು ತೆರೆಯುವುದಿಲ್ಲ.

ಅವಳು ಇಳಿದು ಬಂದು ಬುಡದ ಮೆಟ್ಟಿಲ ಮೇಲೆ ಕುಳಿತಳು. ಕಲ್ಲಿನ ಮೇಲೆ ಹಳೆಯ ಎಣ್ಣೆಯ ಕಲೆ ಎಲ್ಲಿಯೂ ಇರಲಿಲ್ಲ. ಎಣ್ಣೆ ದೀಪದ ಕಾಲದಲ್ಲಿ ಅಪ್ಪ ದಿನವೂ ಅಂಚಿನವರೆಗೆ ತುಂಬಿದ ಪಾತ್ರೆ ಹಿಡಿದು, ಹನಿ ಚೆಲ್ಲದೆ ಇದೇ ಮೆಟ್ಟಿಲು ಹತ್ತುತ್ತಿದ್ದರು. ಅವರ ಬೆನ್ನ ಹಿಂದೆ ಹತ್ತುತ್ತಿದ್ದವಳು ಇವಳೇ. ಅಪ್ಪನ ಮಂಡಿ ಸದಾ ಮಣಿದೇ ಇರುತ್ತಿತ್ತು, ಮೊದಲು ಬೆರಳು, ಆಮೇಲೆ ಹಿಮ್ಮಡಿ. ಬಾಯಲ್ಲಿ ತಾವೇ ಕಟ್ಟಿದ ಪದ್ಯ, ದೇವರ ಮುಂದೆ ಹಾಡುವಷ್ಟೇ ಮೆಲ್ಲಗೆ. ಪದ್ಯದ ಒಂದೊಂದು ತುಂಡಿಗೆ ಒಂದೊಂದು ಮೆಟ್ಟಿಲು.

ಅವಳು ಚಪ್ಪಲಿ ಬಿಟ್ಟಳು. ಗಿಂಬಲ್ಲನ್ನು ತುಂಬಿದ ಪಾತ್ರೆಯೆಂದೇ ಎದೆಯ ಮುಂದೆ ಹಿಡಿದಳು.

"ಏರು ಮೆಲ್ಲನೆ, ದೀಪ ನಮ್ಮನು ಕಾಯುತಿರುವುದು..."

ಸುತ್ತಿನ ಮೇಲೆ ಸುತ್ತು. ಎಲ್ಲಿಯೂ ನಿಲ್ಲಲಿಲ್ಲ.

ಆ ಸಂಜೆ ಅಪ್ಪ ಮತ್ತೆ ಬೇಸಿನ್ ಹಿಡಿದೇ ಕುಳಿತರು. ಮೊದಲ ಸುತ್ತಿಗೆ ಅರೆಗಣ್ಣು. ಎರಡನೆಯದಕ್ಕೆ ಪೂರ್ತಿ ಕಣ್ಣು. ಟೀವಿಯೊಳಗಿಂದ ಮಗಳ ಪದ್ಯ ಸಣ್ಣಗೆ ಕೇಳುತ್ತಿತ್ತು. ಅಪ್ಪನ ತುಟಿಯೂ ಅಲುಗತೊಡಗಿತು.

"ಇಲ್ಲಿ ತಲೆ ಬಗ್ಸು ಪುಟ್ಟೀ, ತೊಲೆ ಇದೆ!" ಎಂದು ಕೂಗಿ, ಕುರ್ಚಿಯಲ್ಲೇ ತಾವೂ ಬಗ್ಗಿದರು. ಚಿತ್ರವೂ ಅದೇ ಗಳಿಗೆಗೆ ಮೆಲ್ಲನೆ ತಗ್ಗಿ ಮೇಲೆದ್ದಿತು.

ಕೊನೆಯ ತಿರುವು ಕಳೆದು ದೀಪದ ಕೋಣೆ ತೆರೆದುಕೊಂಡಿತು. ಗಾಜಿನ ದೊಡ್ಡ ಮಸೂರ ಇಳಿಬಿಸಿಲನ್ನು ಹಿಡಿದು ಹೊತ್ತಿ ಉರಿಯುತ್ತಿತ್ತು. ಅದರ ಆಚೆ ಸಮುದ್ರವೆಲ್ಲ ಬಂಗಾರ. ಅಪ್ಪ ಕೈಮುಗಿದರು. ಬೆನ್ನು ನೆಟ್ಟಗಿತ್ತು, ಉಸಿರು ಮಾತ್ರ ನಿಜವಾಗಿಯೂ ಹತ್ತಿ ಬಂದವರದ್ದು.

"ಹನಿ ಚೆಲ್ಲಿಲ್ಲ ಮಗಳೇ" ಎಂದರು. "ಒಂದು ಹನೀನೂ ಚೆಲ್ಲಿಲ್ಲ."

ಆಮೇಲೆ ಬೇಸಿನ್ ಎತ್ತಿ ಅಳಿಯನ ಕೈಗೆ ಕೊಟ್ಟರು.

"ಇದನ್ನ ಒಳಗಿಟ್ಟು ಬನ್ನಿ ಅಳಿಯಂದ್ರೇ. ಬೇಗ ಬನ್ನಿ, ಇನ್ನೊಂದ್ಸಲ ಹತ್ತೋದಿದೆ."